ಸೊನ್ನೆ ಅಂಕದ ಬಾಲಕ

ಅತಿಮಾನವ ವೀರರ ಚಲಚ್ಚಿತ್ರಗಳೆಂದರೆ ಬರಿಯ ಹೊಡೆದಾಟವೆಂದು ಮೂಗು ಮುರಿಯುವ ಹಿರಿಯರಲ್ಲಿ ನಾನೂ ಒಬ್ಬನಾಗಿದ್ದೆ. ೨೦೧೮ರ ‘ಸ್ಪೈಡರ್-ಮ್ಯಾನ್: ಇಂಟು ದ ಸ್ಪೈಡರ್-ವರ್ಸ್’ ಎಂಬ ಆನಿಮೇಷನ್ ಚಿತ್ರವನ್ನು ನೋಡಿದ ಬಳಿಕ ಆ ಬಿಗುಮಾನ ಉಳಿಯಲಿಲ್ಲ.

ಅದರ ನಾಯಕ ಮೈಲ್ಸ್ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಹುಡುಗ. ಹೊಸದಾಗಿ ಸೇರಿದ ವಸತಿಶಾಲೆ ಅವನಿಗೆ ಬೇಡ. ಹೊರಬೀಳುವ ಹಂಚಿಕೆಯಿಂದ, ಸರಿಯೋ ತಪ್ಪೋ ಗುರುತಿಸುವ ಪರೀಕ್ಷೆಯಲ್ಲಿ ಒಂದನ್ನೂ ಬಿಡದೆ ತಪ್ಪು ಬರೆದು ಸೊನ್ನೆ ಪಡೆಯುತ್ತಾನೆ. ಕಣ್ಣು ಕಟ್ಟಿಕೊಂಡು ಗುರುತು ಹಾಕಿದರೂ ಅರ್ಧದಷ್ಟು ಸರಿಯಾದೀತು. ಎಲ್ಲವೂ ತಪ್ಪಬೇಕಾದರೆ ಎಲ್ಲವೂ ತಿಳಿದಿರಬೇಕಷ್ಟೆ! ಇದನ್ನು ಗ್ರಹಿಸಿದ ಉಪಾಧ್ಯಾಯಿನಿಯವರು ಸೊನ್ನೆಯನ್ನು ನೂರಾಗಿಸಿ, ಅವನ ಕುರಿತೇ ಒಂದು ಪ್ರಬಂಧ ಬರೆದು ತರಲು ಹೇಳುತ್ತಾರೆ. ಗೋಡೆ ಹತ್ತುವ ಸಾಹಸಗಳಿಗಿಂತ ಈ ದೃಶ್ಯವೇ ನನ್ನ ಮನಸ್ಸಿನಲ್ಲಿ ನಿಂತಿದೆ.

ಬ್ರಾಡ್ ಬರ್ಡ್ ನಿರ್ದೇಶಿಸಿದ ‘ದಿ ಇನ್‌ಕ್ರೆಡಿಬಲ್ಸ್’ (೨೦೦೪) ಚಿತ್ರದಲ್ಲಿ ಆಗುವುದು ಇದಕ್ಕೆ ವ್ಯತಿರಿಕ್ತ. ತಾನೇ ರೂಪಿಸಿದ ರಾಕೆಟ್ ಬೂಟು ತೊಟ್ಟು, ಸಹಾಯಕನಾಗುವ ಆಸೆಯಿಂದ ಬಂದ ಬಾಲಕನನ್ನು ವೀರನು ಮನೆಗೆ ಅಟ್ಟುತ್ತಾನೆ. ವರ್ಷಗಳ ತರುವಾಯ ಅದೇ ಬುದ್ಧಿ ವೀರರನ್ನು ಕೊಲ್ಲುವ ಯಂತ್ರವನ್ನು ಕಟ್ಟುತ್ತದೆ. ಪಾತಕಕ್ಕೆ ಅವನೇ ಹೊಣೆ, ನಿಜ. ಆದರೂ ಆ ಮೊದಲ ದಿನವನ್ನು ಚಿತ್ರವು ನಮಗೆ ಮರೆಯಗೊಡುವುದಿಲ್ಲ.

ಇಂಥ ಚಿತ್ರಗಳನ್ನು ಮಕ್ಕಳಿಗೆ ತೋರಿಸಿ, ಉಪಾಧ್ಯಾಯರು ಮಾತ್ರ ಹೊರಗೆ ಕುಳಿತುಕೊಳ್ಳುವ ಪದ್ಧತಿ ನನಗೆ ಸರಿದೋರದು.