ಮಹಾಯುದ್ಧ ನಮ್ಮ ಕಣದ ತನಕ ಬಂದಿತ್ತು, ಪಾಠದಾಗ ಬರಲಿ

ಎರಡನೇ ಮಹಾಯುದ್ಧ ಯಾವಾಗ ಶುರುವಾಯಿತು ಎಂದು ಹೈಸ್ಕೂಲ್ ಮಕ್ಕಳನ್ನು ಕೇಳಿ. 1939 ಎಂದು ಥಟ್ಟನೆ ಹೇಳುತ್ತಾರೆ. ಒಂದು ದೇಶ ಯುದ್ಧಕ್ಕೆ ಇಳಿಯುವುದು ಹೇಗೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ತಪ್ಪು ಮಕ್ಕಳದಲ್ಲ. ಪರೀಕ್ಷೆಗೆ ಇಸವಿ ಸಾಕು, ಹೀಗಾಗಿ ಇಸವಿಯಷ್ಟೇ ಉಳಿದಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಸಾಲಿಗಳಲ್ಲಿ ಈ ಪಾಠವನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸಬೇಕು ಎಂಬುದು ನಮ್ಮ ಮಾತು.

ಅಮೆರಿಕವನ್ನು ನೋಡಿ. 1935ರಲ್ಲಿ ಯಾರ ಜಗಳವೂ ನಮಗೆ ಬೇಡ ಎಂದು ಕಾನೂನು ಮಾಡಿತು. 1939ರ ಕೊನೆಗೆ, ರೊಕ್ಕ ಕೊಟ್ಟು ನಿಮ್ಮ ಹಡಗಿನಲ್ಲೇ ಒಯ್ಯುವುದಾದರೆ ಶಸ್ತ್ರ ಮಾರುತ್ತೇವೆ ಎಂದಿತು. 1940ರಲ್ಲಿ ಬ್ರಿಟನ್‌ಗೆ 50 ಹಳೆಯ ಯುದ್ಧನೌಕೆ ಕೊಟ್ಟು ಸೇನಾ ನೆಲೆ ಪಡೆಯಿತು. 1941ರ ಮಾರ್ಚ್‌ನಲ್ಲಿ ಸಾಲದ ರೂಪದಲ್ಲಿ ಶಸ್ತ್ರ ಕೊಡುವ ಕಾನೂನು ಬಂತು. ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬು ಬಿದ್ದಾಗ ಆ ದೇಶ ಅರ್ಧಕ್ಕಿಂತ ಹೆಚ್ಚು ಯುದ್ಧದೊಳಗೇ ಇತ್ತು.

ನಮ್ಮ ಕತೆ ಬೇರೆ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೊ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದ. ಇಲ್ಲಿನ ನಾಯಕರನ್ನು ಕೇಳಲಿಲ್ಲ. ಅದನ್ನು ವಿರೋಧಿಸಿ ಕಾಂಗ್ರೆಸ್ಸಿನ ಪ್ರಾಂತೀಯ ಸರ್ಕಾರಗಳು ರಾಜೀನಾಮೆ ಕೊಟ್ಟವು. ಸುಮಾರು 2 ಲಕ್ಷ ಇದ್ದ ಭಾರತೀಯ ಸೇನೆ 1945ರ ಹೊತ್ತಿಗೆ 25 ಲಕ್ಷ ದಾಟಿತು.

ನಮ್ಮ ತಾಲ್ಲೂಕುಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಾಗದದ ಮೇಲೆ ಯುದ್ಧ ಒಂದೇ ದಿನದಲ್ಲಿ ಬಂತು, ಊರಿಗೆ ಬಂದದ್ದು ಹಂತ ಹಂತವಾಗಿ. ಮೊದಲು ಖಜಾನೆ: ನಿಜಾಮರ ದೇಣಿಗೆಯ ನೆನಪಿಗೆ ಬ್ರಿಟಿಷ್ ವಾಯುಪಡೆಯ 152ನೇ ಸ್ಕ್ವಾಡ್ರನ್‌ಗೆ ಹೈದರಾಬಾದ್ ಹೆಸರಿತ್ತು. ಆಮೇಲೆ ಸಿಪಾಯಿಗಳು: ಜಪಾನ್ ಸೇನೆ ಮಲಯದ ಕೋಟಾ ಬಾರುವಿನಲ್ಲಿ ಇಳಿದಾಗ ಅಲ್ಲಿನ ವಿಮಾನ ನಿಲ್ದಾಣ ಕಾಯುತ್ತಿದ್ದುದು ಹೈದರಾಬಾದ್ ಸಂಸ್ಥಾನದ ಪದಾತಿ ದಳ. ಆ ದಾಳಿ ಪರ್ಲ್ ಹಾರ್ಬರ್‌ಗಿಂತ ಸುಮಾರು ಒಂದು ತಾಸು ಮೊದಲೇ ಶುರುವಾಗಿತ್ತು. ಕೊನೆಗೆ ಕಣ: ರೈತರು ಬೆಳೆದ ಧಾನ್ಯದಲ್ಲಿ ಸರ್ಕಾರ ಲೆವಿ ವಸೂಲಿ ಮಾಡಿತು.

ಕಲಿಸುವುದು ಕಷ್ಟವೇನಲ್ಲ. ಒಂದೊಂದು ಹಂತವನ್ನು ಒಂದೊಂದು ಚೀಟಿಯಲ್ಲಿ ಬರೆಸಿ. ಪ್ರತಿ ಚೀಟಿಗೂ ಮೂರು ಪ್ರಶ್ನೆ: ಇದನ್ನು ಯಾರು ತೀರ್ಮಾನಿಸಿದರು? ಯಾರನ್ನು ಕೇಳಿದರು? ಇಲ್ಲಿಂದ ಹಿಂದೆ ಸರಿಯಬಹುದಿತ್ತೇ? ಅಮೆರಿಕದ ಚೀಟಿಗಳಲ್ಲಿ ಸಂಸತ್ತಿನ ಚರ್ಚೆ ಕಾಣುತ್ತದೆ. ನಮ್ಮ ಚೀಟಿಗಳಲ್ಲಿ ಆ ಜಾಗ ಖಾಲಿ. ಸ್ವಾತಂತ್ರ್ಯ ಯಾಕೆ ಬೇಕಿತ್ತು ಎಂಬುದಕ್ಕೆ ಅದಕ್ಕಿಂತ ಸರಳ ಪಾಠ ಬೇಡ.

ಆಮೇಲೆ ರೈಲಿನ ನಕಾಶೆ ಬಿಡಿಸಿ. ಮುಂಬೈ–ಮದ್ರಾಸ್ ಮಾರ್ಗ ಶಹಾಬಾದ್, ವಾಡಿ ಮೇಲೆ ಹೋಗುತ್ತದೆ. ವಾಡಿಯಲ್ಲಿ ಕವಲೊಡೆದ ನಿಜಾಮರ ರೈಲು ಚಿತ್ತಾಪುರ, ಸೇಡಂ ದಾಟಿ ಬ್ರಿಟಿಷರ ದಂಡಿದ್ದ ಸಿಕಂದರಾಬಾದ್ ಮುಟ್ಟುತ್ತಿತ್ತು; ಆ ಹಳಿ ಬಿದ್ದದ್ದು 1874ರಲ್ಲಿ. ದೂರದ ಯುದ್ಧ ಎಷ್ಟು ಹತ್ತಿರವಿತ್ತು ಎಂದು ಮಕ್ಕಳಿಗೆ ಆಗ ತಿಳಿಯುತ್ತದೆ. ರೈಲಿಲ್ಲದ ಚಿಂಚೋಳಿಯ ಮಕ್ಕಳು ಲೆವಿಯ ಮಾತು ಹುಡುಕಲಿ.

ಪೋರ್ಶನ್ ಮುಗಿಯುವುದಿಲ್ಲ, ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ಹಿಂದೆ ಎಂದು ಬೈಸಿಕೊಳ್ಳುವವರು ನಾವೇ ಎಂದು ಮಾಸ್ತರರು ಹೇಳಬಹುದು. ಆ ಕಷ್ಟ ನಿಜ. ಆದರೆ ನಾವು ಕೇಳುತ್ತಿರುವುದು ಒಂದೇ ಪೀರಿಯಡ್. ಕಾರಣ ತಿಳಿದ ಮಗು ಇಸವಿಯನ್ನೂ ಮರೆಯುವುದಿಲ್ಲ.

ಇವತ್ತು ಮಕ್ಕಳ ಕೈಯ ಮೊಬೈಲಿನಲ್ಲಿ ಯುದ್ಧವೆಂದರೆ ಹಾಡು ಹಚ್ಚಿದ ಅರ್ಧ ನಿಮಿಷದ ವಿಡಿಯೊ. ಅದನ್ನು ಮುಂದೆ ಕಳಿಸುವ ಮೊದಲು ಆ ಮೂರು ಪ್ರಶ್ನೆ ಕೇಳುವ ಹುಡುಗ, ಹುಡುಗಿ ನಮ್ಮ ಊರಲ್ಲಿ ಬೇಕು.

ಲೆವಿಯ ದಿನಗಳನ್ನು ಕಂಡ ಹಿರಿಯರಿಗೆ ಈಗ 90ರ ಮೇಲೆ ವಯಸ್ಸು. ನಿಮ್ಮ ಓಣಿಯಲ್ಲಿ ಅಂಥ ಮುತ್ಯಾ, ಆಯಿ ಇದ್ದರೆ ಈ ವಾರವೇ ಮಕ್ಕಳನ್ನು ಅವರ ಹತ್ತಿರ ಕೂಡಿಸಿ, ಅವರ ಮಾತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ.