ಸಕಾಯ್‌ನ ಕಮ್ಮಾರ ಕಲಾವಿದ, ಕಡೂರಿನ ಕಮ್ಮಾರ?

ಜಪಾನಿನ ಚಾಕುಗಳ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರೋದು ಅವನ್ನು ಕೊಳ್ಳುವ ನಮ್ಮ ಬಗ್ಗೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಗ ಕಾಫಿ ಮೆಷಿನ್ನಿನ ಪಕ್ಕ ‘ನಕಿರಿ’ಗೊಂದು ಜಾಗ ಸಿಕ್ಕಿದೆ. ನಕಿರಿ ಅಂದ್ರೆ ತರಕಾರಿ ಹೆಚ್ಚೋಕೆ ಅಂತಲೇ ಮಾಡಿದ, ನೇರ ಅಂಚಿನ, ಅಗಲ ಅಲಗಿನ ಚಾಕು. ಕೈಯಲ್ಲೇ ಬಡಿದು ಮಾಡಿದ್ದಾದರೆ 15-20 ಸಾವಿರ ಕೊಟ್ಟು ತರಿಸೋರಿದ್ದಾರೆ. ಅದರ ಮೈಮೇಲಿನ ಸುತ್ತಿಗೆ ಗುರುತನ್ನು ಬೆರಳಲ್ಲಿ ಸವರಿ, “ನೋಡು ಮಗಾ, ಹ್ಯಾಂಡ್‌ಮೇಡ್” ಅಂತಾರೆ. ಅದೇ ಗುರುತು ನಮ್ಮೂರ ಕುಡುಗೋಲಿನ ಮೇಲಿದ್ದರೆ “ಫಿನಿಶಿಂಗೇ ಇಲ್ಲ”.

ನಾನು ಬೆಳೆದದ್ದು ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ. ರಾಗಿ, ತೆಂಗಿನ ಬಯಲುಸೀಮೆ. ನೇಗಿಲಿನ ಕುಳ, ಗುದ್ದಲಿ, ಮಚ್ಚು, ಈಳಿಗೆಮಣೆ ಎಲ್ಲವೂ ಕುಲುಮೆಯಿಂದಲೇ ಬರ್ತಿದ್ದವು. ತಾತನ ಕಾಲದಲ್ಲಿ ಸುಗ್ಗಿ ಮುಗಿದ ಮೇಲೆ ಕಮ್ಮಾರರಿಗೆ ಆಯ ಅಂತ ರಾಗಿ ಅಳೆದು ಕೊಡೋರು. ಆಯ ನಿಂತುಹೋಯ್ತು. ಅದರ ಜಾಗಕ್ಕೆ ಬಂದದ್ದು ಚೌಕಾಸಿ.

ಜಪಾನಿನ ಚಾಕುವಿನಲ್ಲಿ ಅಂಥದ್ದೇನಿದೆ? ಒಳಗೆ ಕಾರ್ಬನ್ ಹೆಚ್ಚಿರುವ ಗಡುಸು ಉಕ್ಕು, ಹೊರಗೆ ಮೆತ್ತನೆ ಕಬ್ಬಿಣ. ಎರಡನ್ನೂ ಕಾಯಿಸಿ, ಬಡಿದು ಒಂದು ಮಾಡಿ, ಹದ ಹಾಕಿ, ಸಾಣೆ ಹಿಡಿಯೋದು. ಅದ್ಭುತವಾಗಿ ಹೆಚ್ಚುತ್ತೆ, ನಿಜ. ಆದರೆ ಗಡುಸಾದಷ್ಟೂ ಪೆಡಸು. ಅದರಲ್ಲಿ ತೆಂಗಿನಕಾಯಿ ಒಡೆಯೋಕೆ ಹೋದರೆ ಅಂಚು ಚಕ್ಕೆ ಎದ್ದೀತು. ನಮ್ಮ ಕಮ್ಮಾರರಿಗೂ ಈ ಗಡುಸು-ಮೆದುವಿನ ಲೆಕ್ಕ ಗೊತ್ತು. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ತಂದು, ಕೆಂಡದ ಬಣ್ಣ ನೋಡಿಯೇ ಶಾಖ ಅಳೆದು, ಮಚ್ಚಿಗೊಂದು ಹದ, ಈಳಿಗೆಗೊಂದು ಹದ ಹಾಕ್ತಾರೆ.

ಉಕ್ಕು ನಮಗೇನು ಹೊಸದಲ್ಲ. ದಕ್ಷಿಣ ಭಾರತದ ಮೂಸೆ ಉಕ್ಕಿಗೆ ಯುರೋಪಿನವರು ಇಟ್ಟ ‘ವೂಟ್ಜ್’ ಅನ್ನೋ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂತು ಅಂತ ವಿದ್ವಾಂಸರು ಹೇಳ್ತಾರೆ. 1923ರಲ್ಲಿ ಕಬ್ಬಿಣ ತೆಗೆಯೋಕೆ ಶುರುಮಾಡಿದ ಭದ್ರಾವತಿ ಕಾರ್ಖಾನೆಗೆ ಅದಿರು ಹೋಗಿದ್ದು ನಮ್ಮದೇ ಜಿಲ್ಲೆಯ ಕೆಮ್ಮಣ್ಣುಗುಂಡಿಯಿಂದ. ಆದರೆ “ನಮ್ಮಲ್ಲಿ ಆಗಲೇ ಇತ್ತು” ಅಂತ ಎದೆ ತಟ್ಟಿಕೊಂಡರೆ ಈಳಿಗೆ ಹರಿತ ಆಗಲ್ಲ.

ಜಪಾನಿನವರು ಎದೆ ತಟ್ಟಿಕೊಂಡು ಕೂರಲಿಲ್ಲ. ಸಾಂಪ್ರದಾಯಿಕ ಕಸುಬುಗಳಿಗಾಗಿ 1974ರಲ್ಲಿ ಕಾನೂನು ತಂದರು. ಅದರಡಿ 1979ರಲ್ಲಿ ಎಚಿಜೆನ್, 1982ರಲ್ಲಿ ಸಕಾಯ್ ಊರಿನ ಅಲಗುಗಳಿಗೆ ಮಾನ್ಯತೆ ಸಿಕ್ಕಿತು. ಕುಡುಗೋಲು ಬಡಿದು ಹೆಸರಾದ ಎಚಿಜೆನ್‌ನಲ್ಲಿ ಕಮ್ಮಾರರು ಸೇರಿ 1993ರಲ್ಲಿ ‘ತಕೆಫು ನೈಫ್ ವಿಲೇಜ್’ ಅನ್ನೋ ಸಾಮೂಹಿಕ ಕುಲುಮೆ ತೆರೆದರು. ಹೊರಗಿನವರು ಹೋಗಿ ಕೆಲಸ ನೋಡಬಹುದು. ಸಕಾಯ್‌ನಲ್ಲಿ ಬಡಿಯೋರು ಬೇರೆ, ಸಾಣೆ ಹಿಡಿಯೋರು ಬೇರೆ, ಹಿಡಿ ಹಾಕೋರು ಬೇರೆ. ಅಲಗಿನ ಮೇಲೆ ಹೆಸರು ಕೆತ್ತಿರುತ್ತೆ.

ನಮ್ಮಲ್ಲಿ 2023ರಲ್ಲಿ ಪಿಎಂ ವಿಶ್ವಕರ್ಮ ಯೋಜನೆ ಬಂತು. ಅದರ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ಸಲಕರಣೆಗೆ ಕೊಡೋದು 15,000 ರೂಪಾಯಿವರೆಗೆ. ಅಂದ್ರೆ ನಿಮ್ಮ ಒಂದು ನಕಿರಿಯ ಬೆಲೆ. ಸಲಕರಣೆಯನ್ನು ಸರ್ಕಾರ ಕೊಡಬಹುದು, ಗಿರಾಕಿಯನ್ನು ಕೊಡೋಕಾಗಲ್ಲ. ಆ ಗಿರಾಕಿ ನಾವು. ಮಾಲ್‌ನಲ್ಲಿ ಬಾಯಿ ಬಿಡದ ನಾವು ಕುಲುಮೆ ಮುಂದೆ 20 ರೂಪಾಯಿಗೆ ಜಗ್ಗಾಡ್ತೀವಿ.

“ನಾಡಚಾಕು ತುಕ್ಕು ಹಿಡಿಯುತ್ತಲ್ಲ” ಅಂತೀರಿ. ಜಪಾನಿನ ಕಾರ್ಬನ್ ಉಕ್ಕೂ ಹಿಡಿಯುತ್ತೆ! ನಿಂಬೆಹಣ್ಣು ಕೊಯ್ದ ತಕ್ಷಣ ಒರೆಸಿ, ಒಣಗಿಸಿ, ಎಣ್ಣೆ ಸವರಿ ಅಂತ ಅವರು ಹೇಳಿದರೆ ವ್ರತದ ಹಾಗೆ ಪಾಲಿಸ್ತೀರಿ. ಅಮ್ಮ ಈಳಿಗೆಗೆ ಕೊಬ್ಬರಿ ಎಣ್ಣೆ ಸವರಿಟ್ಟರೆ ಅದು ಹಳ್ಳಿ ಅಭ್ಯಾಸ.

ಇನ್ನೊಂದು ಮಾತೂ ಬರುತ್ತೆ: “ಕಮ್ಮಾರನ ಮಗನೂ ಇಂಜಿನಿಯರ್ ಆಗಲಿ ಬಿಡ್ರೀ, ಕುಲಕಸುಬಿಗೆ ಯಾಕೆ ಕಟ್ಟಿಹಾಕ್ತೀರಿ?” ಖಂಡಿತ ಆಗಲಿ. ನಾನು ಹೊಲ ಬಿಟ್ಟು ಬಿಇ ಮಾಡಿದವನು, ಇನ್ನೊಬ್ಬರಿಗೆ ತಿದಿ ಒತ್ತು ಅನ್ನೋ ಹಕ್ಕು ನನಗಿಲ್ಲ. ಆದರೆ ಬಿಡೋದು ಬೇರೆ, ಹೊಟ್ಟೆ ತುಂಬದೆ ಓಡಿಹೋಗೋದು ಬೇರೆ. ಈ ಕೆಲಸದಲ್ಲಿ ದುಡ್ಡು, ಮರ್ಯಾದೆ ಎರಡೂ ಇದ್ದರೆ ಅದು ಜಾತಿಯ ಬೇಲಿ ದಾಟಿ, ಕಲಿಯುವ ಮನಸ್ಸಿರೋ ಯಾರ ಕೈಗಾದರೂ ಹೋಗುತ್ತೆ. ಈಗ ಎರಡೂ ಇಲ್ಲ, ಹಾಗಾಗಿ ಯಾರ ಕೈಗೂ ಹೋಗ್ತಿಲ್ಲ.

ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಹೇಳಿ ನಿಲ್ಲಿಸೋಕೆ ನನಗಿಷ್ಟವಿಲ್ಲ. ಕೆಲಸ ಹೇಳ್ತೀನಿ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ, ಕುಲುಮೆ ಇನ್ನೂ ಉರೀತಿದ್ದರೆ, ಒಂದು ತರಕಾರಿ ಚಾಕುವಿಗೆ ಆರ್ಡರ್ ಕೊಡಿ. ಉದ್ದ, ಅಗಲ, ದಪ್ಪ ಎಲ್ಲ ಕಾಗದದ ಮೇಲೆ ಬರೆದುಕೊಡಿ. ಕೇಳಿದಷ್ಟು ದುಡ್ಡು ಕೊಡಿ, ಅಡ್ವಾನ್ಸ್ ಕೊಡಿ. ಮೊದಲನೆಯದು ಸರಿ ಬರದಿದ್ದರೆ ಎಲ್ಲಿ ಸರಿಯಿಲ್ಲ ಅಂತ ತೋರಿಸಿ, ಎರಡನೆಯದಕ್ಕೂ ದುಡ್ಡು ಕೊಟ್ಟು ಮಾಡಿಸಿ. ನಾವೇನು ಮೊದಲ ವರ್ಷನ್ನನ್ನೇ ಬಗ್ ಇಲ್ಲದೆ ಕೊಡ್ತೀವಾ?

ಕೊನೆಗೆ ಅಲಗಿನ ಮೇಲೆ ಅವರ ಹೆಸರನ್ನೂ ಹಾಕಿಸಿ. ಕನ್ನಡದಲ್ಲೇ.