ಸಾಲ್ಮನ್ ಸಾಯುವ ತಿಂಗಳು
ಅಲಾಸ್ಕದ ಕಟ್ಮೈ ರಾಷ್ಟ್ರೀಯ ಉದ್ಯಾನದ ಬ್ರೂಕ್ಸ್ ಲಾಡ್ಜ್‌ಗೆ ರಸ್ತೆಯೇ ಇಲ್ಲ. ಕಿಂಗ್ ಸಾಲ್ಮನ್ ಎಂಬ ಊರಿನಿಂದ ನೀರಿನ ಮೇಲಿಳಿಯುವ ಪುಟ್ಟ ವಿಮಾನದಲ್ಲೋ ದೋಣಿಯಲ್ಲೋ ಹೋಗಬೇಕು. 1950ರಲ್ಲಿ ಗಾಳ ಹಾಕುವವರ ಶಿಬಿರವಾಗಿ ಶುರುವಾದ ಜಾಗವದು. ಜುಲೈನಲ್ಲಿ ಅಲ್ಲಿನ ಹೊಳೆಯ ಜಲಪಾತದ ಬಳಿ ಕರಡಿ ನೋಡುವವರ ಜಾತ್ರೆ. ಫ್ಲೈ ಫಿಶಿಂಗ್‌ನವರು ಕಾಯುವುದು ಮಾತ್ರ ಸೆಪ್ಟೆಂಬರ್‌ಗೆ. ಸಮುದ್ರದಿಂದ ಹತ್ತಿ ಬಂದ ಸಾಕೈ ಸಾಲ್ಮನ್‌ಗಳು ಆಗ ಮೊಟ್ಟೆಯಿಟ್ಟು ಸಾಯುತ್ತಿರುತ್ತವೆ; ತೇಲಿ ಬರುವ ಮೊಟ್ಟೆ, ಕೊಳೆತ ಮಾಂಸದ ಚೂರು ತಿಂದು ರೇನ್‌ಬೋ ಟ್ರೌಟ್‌ಗಳು ಚಳಿಗಾಲಕ್ಕೆ ಕೊಬ್ಬು ಕಟ್ಟಿಕೊಳ್ಳುತ್ತವೆ. ಗೈಡ್ ದಾರಕ್ಕೆ ಕಟ್ಟಿಕೊಡುವ ಫ್ಲೈ ಎಂಬ ಕೃತಕ ಎರೆ ಕೂಡ ಕಿತ್ತಳೆ ಮೊಟ್ಟೆಯಂತೆ, ಇಲ್ಲವೇ ಬಿಳಿಚಿದ ಮಾಂಸದಂತೆ ಕಾಣಬೇಕು. ಅದು ಹೊಳೆಯ ವೇಗದಲ್ಲೇ ತೇಲಬೇಕು. ದಾರ ಜಗ್ಗಿತೋ, ಅನುಭವಿ ಟ್ರೌಟ್ ತಿರುಗಿಯೂ ನೋಡದು. ಗೈಡ್‌ಗೆ ದಡದ ಮೇಲೂ ಕಣ್ಣಿರಬೇಕು, ಏಕೆಂದರೆ ಸತ್ತ ಮೀನಿಗಾಗಿ ಕಂದು ಕರಡಿಗಳು ಅದೇ ನೀರಿಗಿಳಿಯುತ್ತವೆ. ಕರಡಿ 50 ಗಜದೊಳಗೆ ಬಂದರೆ ಗಾಳ ಎತ್ತಬೇಕು. ಮೀನು ಕಚ್ಚಿಕೊಂಡಿದ್ದರೆ ದಾರವನ್ನೇ ಕತ್ತರಿಸಬೇಕು. ಹಿಡಿದ ರೇನ್‌ಬೋವನ್ನು ಮರಳಿ ನೀರಿಗೆ ಬಿಡಬೇಕು. ಹೊಳೆ ಮೊದಲು ಕರಡಿಯದ್ದು ಎಂದು ಕಾನೂನಿನಲ್ಲೇ ಒಪ್ಪಿಕೊಂಡ ಈ ವಿನಯ ನನಗೆ ಬಹಳ ಹಿಡಿಸುತ್ತದೆ. ಈ ಹೊಳೆಯ ನೀರು ಕೊನೆಗೆ ಸೇರುವ ಬ್ರಿಸ್ಟಲ್ ಕೊಲ್ಲಿಗೇ ಹರಿಯುವ ಬೇರೆ ನದಿಗಳ ಮೂಲದಲ್ಲಿ ಪೆಬಲ್ ಎಂಬ ತಾಮ್ರ-ಚಿನ್ನದ ಗಣಿ ಬರುವುದಿತ್ತು. ಮೂಲನಿವಾಸಿಗಳು, ಮೀನುಗಾರರು, ಲಾಡ್ಜ್ ನಡೆಸುವವರು ಒಟ್ಟಾಗಿ ವಿರೋಧಿಸಿದರು. 2023ರ ಜನವರಿಯಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಗಣಿಯನ್ನು ತಡೆಯಿತು. ಆ ತಡೆ ಸಡಿಲವಾಗದಿರಲಿ ಎಂಬುದು ನನ್ನ ಆಸೆ.